ಓಡಿದರೆ ಮಾತ್ರ ಬರುವ ನೋವು

ಜಮಖಂಡಿಯಲ್ಲಿ ನಾನು ಫಿಸಿಯೋಥೆರಪಿ ಕ್ಲಿನಿಕ್ ಇಟ್ಟು ಬಹಳ ವರ್ಷಗಳಾದವು. ಬೋರ್ಡಿನ ಮೇಲೆ ಏನೇ ಬರೆಸಿರಲಿ, ಊರವರಿಗೆ ನಾನು ‘ಮಾಲೀಶ್ ಡಾಕ್ಟರ್ ಬಾಯಿ’, ತಿಕ್ಕುವ ಡಾಕ್ಟರಮ್ಮ. ಈ ಕಡೆ ಸೈಕಲ್, ಖೋಖೋ, ಓಟ ಅಂತ ಮಕ್ಕಳು ಮೈದಾನ ಬಿಡುವುದಿಲ್ಲ. ಹಾಗಾಗಿ ಮೀನಖಂಡ ಹಿಡಿದುಕೊಂಡು ಯಾರಾದರೂ ಕುಂಟುತ್ತ ಬಾರದ ವಾರವೇ ಇಲ್ಲ. ಹೆದರಿ ಬರುತ್ತಾರೆ, ನನ್ನನ್ನೂ ಹೆದರಿಸುತ್ತಾರೆ. ಕೊನೆಗೆ ಬಾಗಿಲು ಹಾಕಿಕೊಂಡು ನಾನೊಬ್ಬಳೇ ನಗುವುದೂ ಉಂಟು.

ತಪಾಸಣೆ ಯಾರಿಗೆ?

ಲೋಕಾಪುರದ ತಾಯಿಯೊಬ್ಬಳು ಮಗನನ್ನು ಕರೆತಂದಳು. ಹದಿನಾಲ್ಕು ವರ್ಷದ ಹುಡುಗ, ಸೈಕಲ್ ರೇಸಿಗೆ ತಯಾರಿ ನಡೆಸಿದ್ದ. ಎರಡು ತಿಂಗಳಿಂದ ಎರಡೂ ಮೀನಖಂಡ ನೋವು. ಎಣ್ಣೆ ತಿಕ್ಕಿದ್ದಾಯಿತು, ಬಿಸಿ ಇಟ್ಟಿಗೆಯ ಶಾಖ ಕೊಟ್ಟದ್ದಾಯಿತು, ದೃಷ್ಟಿ ತೆಗೆದದ್ದೂ ಆಯಿತು. ಬಿಟ್ಟು ಕೂತರೆ ನೋವಿಲ್ಲ, ಸೈಕಲ್ ಹತ್ತಿದರೆ ಮತ್ತೆ ಶುರು. ನಾನು ಒತ್ತಿ, ತಿರುವಿ, ಎಲ್ಲ ನೋಡಿದೆ. ಹುಡುಗನಲ್ಲಿ ಏನೂ ಸಿಗಲಿಲ್ಲ. ನಾಳೆ ಸೈಕಲ್ಲನ್ನೇ ತನ್ನಿ ಅಂದೆ.

ಮರುದಿನ ಟೆಂಪೋದಲ್ಲಿ ಸೈಕಲ್ ಬಂತು. ಹುಡುಗ ಹತ್ತಿ ಕೂತ. ಪೆಡಲ್ ಕೆಳಗೆ ಹೋದಾಗ ಅವನ ಹೆಬ್ಬೆರಳು ಮಾತ್ರ ಅದನ್ನು ಮುಟ್ಟುತ್ತಿತ್ತು. ಸೈಕಲ್ ಅವನ ಕಾಕಾನ ಮಗನದಂತೆ, ಅವನು ಆರಡಿ ಆಳು. ಸೀಟಿನ ಎತ್ತರ ಇಳಿಸಬಹುದು ಅನ್ನುವುದು ಯಾರಿಗೂ ಹೊಳೆದಿರಲಿಲ್ಲ. ಪಕ್ಕದ ಗ್ಯಾರೇಜಿನಿಂದ ನಟ್ಟು ಬಿಚ್ಚುವ ಪಾನಾ ತರಿಸಿ ಸೀಟನ್ನು ನಾಲ್ಕು ಬೆರಳಿನಷ್ಟು ಇಳಿಸಿದೆ. ಹುಡುಗ ಓಣಿಯಲ್ಲಿ ಸುತ್ತು ಹೊಡೆದು ನಗುತ್ತ ಬಂದ.

ತಾಯಿ ಮಾತ್ರ ಬೇಜಾರಾದಳು. “ಮೊದಲ ಹೇಳಬೇಕಿಲ್ರಿ ಬಾಯಾರ. ನಿನ್ನಿ ಸೈಕಲ್ ಅಷ್ಟ ತರ್ತಿದ್ದೆ, ಇವನ್ನ ಸಾಲಿಗೆ ಕಳಸ್ತಿದ್ದೆ.”

ಒಂಬತ್ತನೆಯ ರೋಗಿ

ಬನಹಟ್ಟಿ ಕಡೆಯ ಶಾಲೆಯೊಂದರ ಖೋಖೋ ಹುಡುಗಿಯರು ಎಂಟು ಮಂದಿ, ಒಬ್ಬರ ಹೆಗಲು ಒಬ್ಬರು ಹಿಡಿದು, ತುದಿಗಾಲಲ್ಲಿ ಸಾಲಾಗಿ ಒಳಗೆ ಬಂದರು. ಎಂಟೂ ಮಂದಿಗೆ ಒಂದೇ ದಿನ, ಒಂದೇ ಜಾಗದಲ್ಲಿ ನೋವು ಅಂದರೆ ಯಾವುದೋ ಜ್ವರವೇ ಇರಬೇಕು. ಥರ್ಮಾಮೀಟರ್ ಇಟ್ಟೆ, ಯಾರಿಗೂ ಜ್ವರವಿಲ್ಲ. ಬಾವಿಲ್ಲ, ಕೆಂಪಿಲ್ಲ. ನಿನ್ನೆ ಏನು ಮಾಡಿದಿರಿ ಅಂತ ಕೇಳಿದೆ. ತಂಡದ ನಾಯಕಿ ಬಾಯಿಬಿಟ್ಟಳು. ಹೊಸ ಪಿ.ಟಿ. ಮಾಸ್ತರರು, ಒಂದು ತಿಂಗಳ ರಜೆ ಮುಗಿದ ಮೊದಲ ದಿನವೇ ಮೈದಾನದ ಈ ತುದಿಯಿಂದ ಆ ತುದಿಯವರೆಗೆ ಕಪ್ಪೆಜಿಗಿತ ಮಾಡಿಸಿದ್ದರು.

ನನಗೆ ಹೋದ ಜೀವ ಬಂದಂತಾಯಿತು. ನಾಲ್ಕು ದಿನದಲ್ಲಿ ತಾನೇ ಹೋಗುವ ನೋವು. ಆದರೂ ಮಾಸ್ತರರಿಗೆ ಎರಡು ಮಾತು ಹೇಳಲೇಬೇಕೆಂದು, ಅವರೆಲ್ಲಿ ಅಂತ ಕೇಳಿದೆ.

“ಹೊರಗ ಟಂಟಂ ರಿಕ್ಷಾದಾಗ ಕುಂತಾರ್ರಿ.”

ಒಳಗೆ ಬರಲು ಹೇಳು ಅಂದೆ.

“ಇಳಿಯಾಕ ಆಗವಲ್ದ್ರಿ ಅವರಿಗೆ. ನಮ್ಮ ಕೂಡ ಅವರೂ ಜಿಗದಾರ್ರಿ.”

ನಾಡಿ

ಗಲಗಲಿಯ ಕುರಿ ಕಾಯುವ ಮನೆತನದ ಹುಡುಗಿ, ಹದಿನೇಳು ವರ್ಷ, ಜಿಲ್ಲೆಗೆ ಮೊದಲು ಬಂದ ಓಟಗಾರ್ತಿ. ದಿನವಿಡೀ ಕುರಿ ಹಿಂದೆ ನಡೆದರೆ ಏನೂ ಆಗುವುದಿಲ್ಲ. ಮೈದಾನದಲ್ಲಿ ಮೂರು ಸುತ್ತು ಓಡಿದರೆ ಮೀನಖಂಡ ಕಲ್ಲಾಗುತ್ತದೆ, ಪಾದ ಜೋಮು ಹಿಡಿಯುತ್ತದೆ. ಹದಿನೈದು ನಿಮಿಷ ಕೂತರೆ ಮಾಯ.

ತಂದೆ ನನ್ನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದ, “ಕಾಲಿಗೆ ರಕ್ತ ಹೋಗೂದು ನಿಂತೈತಂತ್ರಿ. ಮುಂದ ಕಾಲ ಕಡೀಬೇಕಾಕ್ಕೈತಿ ಅಂತ ಊರಾಗ ಒಬ್ಬರಂದ್ರು. ಆಕಿಗೆ ಹೇಳಿಲ್ಲ.” ಹದಿನೈದು ದಿನದಿಂದ ಅವನು ಸರಿಯಾಗಿ ಉಂಡಿರಲಿಲ್ಲ.

ಇಂಥ ನೋವು ಮಂಚದ ಮೇಲೆ ಮಲಗಿಸಿದರೆ ಸಿಗುವುದಿಲ್ಲ, ಓಡಿಸಿಯೇ ಹಿಡಿಯಬೇಕು. ಕ್ಲಿನಿಕ್ಕಿನ ಮುಂದಿನ ರಸ್ತೆಯಲ್ಲೇ ಓಡು ಅಂದೆ. ಅವಳು ಓಡಿದಳು. ನಿಲ್ಲಲಾರದೆ ತಂದೆ ಧೋತರ ಎತ್ತಿಕೊಂಡು ಹಿಂದೆ ಓಡಿದ. ನೋವು ಬಂದ ಗಳಿಗೆಗೆ ನಾಡಿ ನೋಡಬೇಕಲ್ಲ, ಬಿಳಿ ಕೋಟಿನಲ್ಲಿ ನಾನೂ ಓಡಿದೆ. ಕಾಯಿಪಲ್ಯೆ ಮಾರುವ ಇಬ್ಬರು ಹೆಂಗಸರು ಎದ್ದು ಅವಳ ಎರಡೂ ರಟ್ಟೆ ಹಿಡಿದರು. “ಅಂಜಬ್ಯಾಡವಾ, ಸೂಜಿ ಅಂದ್ರ ಇರಿವಿ ಕಡದಂಗ ಅಷ್ಟ” ಅಂತ ಸಮಾಧಾನ ಮಾಡುತ್ತ ಅವಳನ್ನು ನನ್ನ ಕೈಗೆ ಒಪ್ಪಿಸಿದರು. ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಹುಡುಗಿಯ ದಣಿವೇ ಆರಿಹೋಗಿತ್ತು.

ಸಂಜೆ ಮೈದಾನಕ್ಕೆ ಕರೆದೊಯ್ದೆ. ನಾಲ್ಕನೇ ಸುತ್ತಿಗೆ ಅವಳು ಕುಸಿದು ಕೂತಳು. ಮೀನಖಂಡ ನಿಜಕ್ಕೂ ಕಲ್ಲಿನಂತಿತ್ತು. ಪಾದದ ಮೇಲೆ ಬೆರಳಿಟ್ಟೆ. ನಾಡಿ ಗಟ್ಟಿಯಾಗಿ ಹೊಡೆಯುತ್ತಿತ್ತು. ರಕ್ತ ಹೋಗುತ್ತಿದೆ ಅಂದರೆ ತಂದೆ ನಂಬಲಿಲ್ಲ. ಅವನ ಬೆರಳು ಹಿಡಿದು ಅಲ್ಲಿಟ್ಟೆ. ಬಹಳ ಹೊತ್ತು ಅವನು ಬೆರಳು ತೆಗೆಯಲೇ ಇಲ್ಲ.

“ಬಡ್ಯಾಕತ್ತೈತಿ,” ಅಂದು ತಲೆಗೆ ಸುತ್ತಿದ ಪಟಕಾದ ತುದಿಯಿಂದ ಕಣ್ಣೊರೆಸಿಕೊಂಡ.

ಆದರೂ ಪೂರ್ತಿ ಖಾತ್ರಿಯಾಗಲೆಂದು ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಅಲ್ಲಿ ಸ್ಕ್ಯಾನ್ ಮಾಡಿದರು, ಓಡಿಸಿ ಸ್ನಾಯುವಿನೊಳಗಿನ ಒತ್ತಡ ಅಳೆದರು. ರಕ್ತನಾಳಕ್ಕೆ ಏನೂ ಆಗಿರಲಿಲ್ಲ. ಓಡುವಾಗ ಸ್ನಾಯು ಉಬ್ಬುತ್ತದೆ, ಅದರ ಹೊದಿಕೆ ಸಡಿಲವಾಗುವುದಿಲ್ಲ, ಒಳಗೇ ಬಿಗಿದು ನೋಯುತ್ತದೆ, ಅಷ್ಟೇ. ಆ ಹೊದಿಕೆ ಬಿಡಿಸುವ ಒಂದು ಸಣ್ಣ ಆಪರೇಶನ್, ಕೆಲವು ತಿಂಗಳ ವ್ಯಾಯಾಮ, ಆಮೇಲೆ ಮತ್ತೆ ಓಡಬಹುದು ಅಂದರು.

ವರದಿ ತೋರಿಸಲು ಬಂದ ದಿನ ಹುಡುಗಿಯನ್ನು ಒಳಗೆ ಕೂರಿಸಿಕೊಂಡು ಎಲ್ಲ ವಿವರಿಸಿದೆ. ಒಂದು ವರ್ಷ ಓಟ ತಪ್ಪಿದರೂ ಪರವಾಗಿಲ್ಲ ಅಂತ ಅವಳೂ ಒಪ್ಪಿದಳು. ತಂದೆಗೂ ಹೇಳೋಣವೆಂದು ಹೊರಗೆ ಬಂದರೆ, ಅಲ್ಲಿ ಸರದಿಗೆ ಕಾದಿದ್ದವರೆಲ್ಲ ಚಪ್ಪಲಿ ಬಿಚ್ಚಿ ಕೂತಿದ್ದರು. ತಂದೆ ಒಬ್ಬ ಮುದುಕನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣುಮುಚ್ಚಿ ಬೆರಳೊತ್ತಿ ಹಿಡಿದಿದ್ದ.

“ಇವರದೂ ಛಲೋ ಬಡ್ಯಾಕತ್ತೈತ್ರಿ ಬಾಯಾರ, ಕಾಳಜಿ ಇಲ್ಲ,” ಅಂದ.

ಮುದುಕ ನನ್ನತ್ತ ತಿರುಗಲೂ ಆಗದೆ ಗೋಡೆ ನೋಡುತ್ತಲೇ ಹೇಳಿದ, “ನಾ ಕುತ್ತಿಗಿ ಹಿಡದೈತಿ ಅಂತ ಬಂದೇನ್ರಿ.”