ಕಾಯ್ದೆಯಲ್ಲಿ ಹಾಸಿದ ತೊಂಬತ್ತು ಮಂಚಗಳು

ಮಾನ್ಯ ಸೆನೆಟರ್ ಎವರಿಸ್ಟೊ ಕಾರಿಂಗಾಲ್ ಅವರ ದಿವ್ಯ ಸಮ್ಮುಖಕ್ಕೆ,

ಮಾನ್ಯರೇ,

ಬಾಲಿಂಗ್ಕಾವಾಯ್ ದ್ವೀಪದ ಪೇಟೆಯಲ್ಲಿ ಒಣಮೀನು ಮಾರುವ ಕ್ರಿಸಾಂತಾ ಮಗ್ಬಾನುವಾ ಎಂಬ ವಿಧವೆಯು ತಮಗೂ, ತಮ್ಮ ಧರ್ಮಪತ್ನಿಯವರಿಗೂ, ಮನಿಲಾದ ತಮ್ಮ ಮನೆಯಲ್ಲಿ ಪ್ರತ್ಯೇಕ ತಂಪುಕೋಣೆ ಪಡೆದಿದೆಯೆಂದು ಪತ್ರಿಕೆಯಲ್ಲಿ ಬಂದಿದ್ದ ತಮ್ಮ ಬಿಳಿ ನಾಯಿಮರಿಗೂ ಸಲ್ಲಿಸುವ ಅನಂತ ವಂದನೆಗಳು. ತಮ್ಮ ಕ್ಷೇಮಸಮಾಚಾರ ಕೇಳಬೇಕಾದ ಅಗತ್ಯವೇ ನಮಗಿಲ್ಲ, ಏಕೆಂದರೆ ದೀಪದ ಕಂಬ, ತೆಂಗಿನ ಮರ, ಸ್ಮಶಾನದ ಗೇಟು ಎಲ್ಲೆಲ್ಲಿ ನೋಡಿದರೂ ಬ್ಯಾನರಿನಲ್ಲಿ ತಾವು ನಗುನಗುತ್ತಲೇ ಇದ್ದೀರಿ.

ಮೊದಲಿಗೆ ತಮ್ಮ ಶಾಸನಕಾರ್ಯವನ್ನು ಕೊಂಡಾಡದೆ ಮುಂದುವರಿದರೆ ನನ್ನ ನಾಲಿಗೆ ಬಿದ್ದುಹೋದೀತು. ಹತ್ತೇ ಮಂಚಗಳಿದ್ದ ನಮ್ಮ ಆಸ್ಪತ್ರೆಯನ್ನು ನೂರು ಮಂಚಗಳ ಆಸ್ಪತ್ರೆಯೆಂದು ಸಾರುವ ಕಾಯ್ದೆಯನ್ನು ತಾವು ಮಂಡಿಸಿ, ಒಬ್ಬರೂ ಚಕಾರವೆತ್ತದಂತೆ ಪಾಸು ಮಾಡಿಸಿದ ದಿನ ನಾವು ಬ್ಯಾಂಡು ಬಾರಿಸಿದೆವು, ಇಡೀ ಹಂದಿ ಸುಟ್ಟು ಊರಿಗೆಲ್ಲ ಹಂಚಿದೆವು. ಮರುದಿನ ಹೋಗಿ ನೋಡಿದರೆ ಒಳಗೆ ಮಂಚಗಳು ಹತ್ತೇ ಇದ್ದವು. ಹೊರಗಿನ ಬೋರ್ಡಿನಲ್ಲಿ ಮಾತ್ರ ನೂರಾಗಿದ್ದವು. ಒಬ್ಬ ಬಡಗಿಯನ್ನೂ ಕರೆಯದೆ, ಒಂದು ಮೊಳೆಯನ್ನೂ ಹೊಡೆಯದೆ, ಬರೀ ಕೈ ಎತ್ತಿಸಿ ತೊಂಬತ್ತು ಮಂಚ ಮಾಡಬಲ್ಲವರು ತಮ್ಮನ್ನು ಬಿಟ್ಟರೆ ಇನ್ನಾರು? ಅವಕ್ಕೆ ತಿಗಣೆ ಹತ್ತುವುದಿಲ್ಲ, ಉಪ್ಪುಗಾಳಿಗೆ ತುಕ್ಕು ಹಿಡಿಯುವುದಿಲ್ಲ, ಚಂಡಮಾರುತ ಬಂದರೂ ಹಾರಿಹೋಗುವುದಿಲ್ಲ. ಅವುಗಳ ಮೇಲೆ ಮಲಗಲು ಬರುವುದಿಲ್ಲ ಎಂಬುದೊಂದು ಸಣ್ಣ ಕೊರತೆ.

ಅಂಥದೇ ಒಂದು ಮಂಚದ ಮೇಲೆ ನನ್ನ ಮಗಳು ಮೆರ್ಲಿತಾ ಹೆತ್ತಳೆಂದು ತಿಳಿಸಲು ಹರ್ಷಿಸುತ್ತೇನೆ. ನಡುಮಧ್ಯಾಹ್ನ ನೋವು ಶುರುವಾಗಿ ನಾವು ಆಸ್ಪತ್ರೆ ಮುಟ್ಟುವ ಹೊತ್ತಿಗೆ, ಹತ್ತೂ ಮಂಚಗಳ ಮೇಲೆ ಡೆಂಗಿ ಹಿಡಿದ ಮಕ್ಕಳು ಒಂದೊಂದರಲ್ಲಿ ಇಬ್ಬಿಬ್ಬರಂತೆ ಮಲಗಿದ್ದರು. ಡಾಕ್ಟರ್ ಅಬ್ರೆನಿಕಾ ನನ್ನ ಮಗಳನ್ನು ಪಡಸಾಲೆಯ ಬೆಂಚಿನ ಮೇಲೆ ಮಲಗಿಸಿದರು. "ನೂರು ಮಂಚ ಅಂತ ಬೋರ್ಡು ಹಾಕ್ಕೊಂಡಿದ್ದೀರಲ್ಲ ಡಾಕ್ಟ್ರೇ, ಒಂದ್ ಕೊಟ್ರೆ ಗಂಟೇನ್ ಹೋಗುತ್ತೆ?" ಎಂದು ನಾನು ಕೂಗಾಡಿದೆ. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದ ಆ ಪುಣ್ಯಾತ್ಮ, "ಮನಾಂಗ್, ಕಾಯ್ದೆ ಪ್ರಕಾರ ನಿಮ್ ಮಗಳು ಮಂಚದ ಮೇಲೇ ಇದಾಳೆ. ನಿಮಗೆ ಬೆಂಚು ಕಾಣಿಸ್ತಿದ್ರೆ ಅದು ನಿಮ್ ಕಣ್ಣಿನ ದೋಷ, ಹೋಗಿ ತೋರಿಸ್ಕೊಳ್ಳಿ" ಎಂದು ನನ್ನನ್ನು ಅಕ್ಕನೆಂದು ಕರೆದೇ ಸಮಾಧಾನಪಡಿಸಿದರು. ಹಾಸಲು ದುಪ್ಪಟಿ ಇರಲಿಲ್ಲ. ಜಾಡಮಾಲಿಯು ಗೇಟಿಗೆ ಕಟ್ಟಿದ್ದ ತಮ್ಮ ಹಬ್ಬದ ಶುಭಾಶಯದ ಬ್ಯಾನರನ್ನೇ ಬಿಚ್ಚಿ ತಂದು ಹಾಸಿದ. ಹೀಗೆ ನನ್ನ ಮೊಮ್ಮಗ ತಮ್ಮ ಎಡಗೆನ್ನೆಯ ಮೇಲೆ ಭೂಮಿಗೆ ಬಂದ.

ಆಮೇಲೆ ರಕ್ತ ನಿಲ್ಲಲಿಲ್ಲ. ಬೆಂಚು ಕಿರಿದಾಗಿತ್ತು, ಮಗಳು ಜಾರುತ್ತಿದ್ದಳು, ನಾನು ನೆಲದ ಮೇಲೆ ಕೂತು ಹೆಗಲು ಕೊಟ್ಟು ಅವಳನ್ನು ತಡೆದು ಹಿಡಿದಿದ್ದೆ. ಆಗ ನಾನು ತುಂಬ ಹೆದರಿದೆ, ಮಾನ್ಯರೇ; ಇಷ್ಟನ್ನು ಮಾತ್ರ ತಮಾಷೆಗೆ ಬರೆಯುತ್ತಿಲ್ಲ. ಮಗಳು ಉಳಿದಳು. ಆದರೆ ಈಗ ನನ್ನ ಸೊಸೆ ಜೋವೆಲಿನ್‌ಗೆ ದಿನ ತುಂಬುತ್ತಿದೆ, ಕ್ರಿಸ್ಮಸ್ ಆಸುಪಾಸಿಗೆ ಹೆರಿಗೆ. ಅವಳಿಗಾಗಿ ಆ ತೊಂಬತ್ತರಲ್ಲಿ ಒಂದೇ ಒಂದು ಮಂಚವನ್ನು ಕಾಯ್ದೆಯಿಂದ ನೆಲಕ್ಕೆ ಇಳಿಸಿಕೊಡಬೇಕೆಂದು ತಮ್ಮ ಕಚೇರಿಗೆ ಅರ್ಜಿ ಹಾಕಿದ್ದೆ.

ಅದಕ್ಕೆ ತಾವು ತೋರಿದ ಸ್ಪಂದನೆಯನ್ನು ಯಾವ ಬಾಯಿಂದ ಹೊಗಳಲಿ! 'ಮನೆ ಬಾಗಿಲಿಗೆ ಸೆನೆಟರ್' ಎಂಬ ತಮ್ಮ ಜನಸಂಪರ್ಕ ತಂಡವೇ ದೋಣಿ ತುಂಬ ಬಂದಿಳಿಯಿತು. ತಮ್ಮ ಮುಖವಿರುವ ಲೋಟಗಳಲ್ಲಿ ಗಂಜಿ ಕೊಟ್ಟರು, ತಮ್ಮ ಮುಖವಿರುವ ಬೀಸಣಿಗೆ ಕೊಟ್ಟರು, ಗಂಡಸರಿಗೆಲ್ಲ ಪುಕ್ಕಟೆ ಕ್ಷೌರ ಮಾಡಿದರು, ತುಂಬುಗರ್ಭಿಣಿಯಾದ ಜೋವೆಲಿನ್‌ಳನ್ನೂ ಹಾಡು ಹಾಕಿ ಕುಣಿಸಲು ನೋಡಿದರು. ನನಗೊಂದು ಕನ್ನಡಕ ಸಿಕ್ಕಿತು. ಡಾಕ್ಟರ ಸಲಹೆ ನೆನಪಿಗೆ ಬಂದು, ಅದನ್ನು ಹಾಕಿಕೊಂಡು ನೇರ ಆಸ್ಪತ್ರೆಗೆ ಹೋದೆ. ಮಂಚಗಳು ಆಗಲೂ ಕಾಣಲಿಲ್ಲ, ಆದರೆ ಬೆಂಚು ಮೊದಲಿಗಿಂತ ಬಹಳ ಸ್ಪಷ್ಟವಾಗಿ ಕಂಡಿತು.

ತಾವು ಮಾತ್ರ ಶಾಸನಕಾರ್ಯದ ಒತ್ತಡದಿಂದ ಬರಲಾಗದೆ, ತಮ್ಮ ಪ್ರತಿನಿಧಿಯಾಗಿ ಆಳೆತ್ತರದ ಪ್ಲೈವುಡ್ ಪ್ರತಿಕೃತಿಯನ್ನು ಕಳುಹಿಸಿದ್ದಿರಿ. ಜನ ಸಾಲುಗಟ್ಟಿ ಅದರ ಕೈಕುಲುಕಿದಂತೆ ಫೋಟೋ ತೆಗೆಸಿಕೊಂಡರು. ಆಗ ನನಗೊಂದು ಯೋಚನೆ ಹೊಳೆದು, ಮೊಮ್ಮಗನ ಜ್ಞಾನಸ್ನಾನಕ್ಕೆ ತಾವು ನಿನೋಂಗ್, ಅಂದರೆ ಜ್ಞಾನತಂದೆ ಆಗಬಹುದೇ ಎಂದು ತಂಡದ ಮುಖಂಡ ಜೆರಿಕ್‌ನನ್ನು ಕೇಳಿದೆ. "ಅಯ್ಯೋ ನಾನಾಯ್, ಅದಕ್ಕೇನು ಕೇಳೋದು! ನಮ್ ಸಾಹೇಬ್ರು ನಿನೋಂಗ್ ಆಗೋಕೆ ಯಾರಿಗೂ ಇಲ್ಲ ಅಂದವರೇ ಅಲ್ಲ. ಮಗು ಅಳದೇ ಇದ್ರೆ ಸಾಕು, ಫೋಟೋ ಚೆನ್ನಾಗ್ ಬರ್ಬೇಕು" ಎಂದು ಆತ ನನ್ನನ್ನು ಅಮ್ಮನೆಂದೇ ಕರೆದು ಸಂಭ್ರಮದಿಂದ ತಮ್ಮ ಪರವಾಗಿ ಒಪ್ಪಿದ. ಇಗರ್ಜಿಯಲ್ಲಿ ಪ್ಲೈವುಡ್ಡಿನ ತಾವು ಮಗುವಿನ ಪಕ್ಕದಲ್ಲಿ ಭಯಭಕ್ತಿಯಿಂದ ನಿಂತಿರಿ. ಪಾದ್ರಿಗಳು ಕೈತಪ್ಪಿ ಅರ್ಧ ನೀರನ್ನು ತಮ್ಮ ಬಾಯಿಯ ಮೇಲೆಯೇ ಸುರಿದರೂ ತಾವು ಕಣ್ಣು ಮಿಟುಕಿಸಲಿಲ್ಲ. ವಾಪಸು ಹೋಗುವಾಗ ದೋಣಿಯಲ್ಲಿ ಜಾಗವಿಲ್ಲದೆ ತಂಡದವರು ತಮ್ಮನ್ನು ಇಲ್ಲಿಯೇ ಬಿಟ್ಟುಹೋದರು.

ಆದ್ದರಿಂದ ಮಾನ್ಯರೇ, ದೇವರ ಎದುರಿನಲ್ಲೇ ನಾವೀಗ ಸಂಬಂಧಿಕರು. ಅರ್ಜಿ ಹಾಕಿದವಳನ್ನು ಆಚೆಗೆ ಕಳುಹಿಸಬಹುದು, ಜ್ಞಾನಪುತ್ರನ ಅಜ್ಜಿಯನ್ನು ಕಳುಹಿಸಲು ಬರುವುದಿಲ್ಲ. ಕ್ರಿಸ್ಮಸ್ಸಿಗೆ ಮಕ್ಕಳು ನಿನೋಂಗ್ ಮನೆಗೆ ಹೋಗಿ, ಅವರ ಕೈಯನ್ನು ಹಣೆಗೊತ್ತಿಕೊಂಡು ಉಡುಗೊರೆ ಕೇಳಲೇಬೇಕೆಂಬುದು ತಮಗೆ ತಿಳಿಯದ್ದೇನಲ್ಲ. ಮಗುವಿಗೆ ಇನ್ನೂ ನಡೆಯಲು ಬಾರದ್ದರಿಂದ ನಾವು ಮನೆಮಂದಿಯೆಲ್ಲ ಎತ್ತಿಕೊಂಡು ಬರುತ್ತಿದ್ದೇವೆ. ಜೋವೆಲಿನ್ ಕೂಡ ಬರುತ್ತಾಳೆ. ಪಕ್ಕದಂಗಡಿಯ ಪಾಸಿಂಗ್, "ಅಷ್ಟ್ ದೊಡ್ ಮನೇಲಿ ನಿಜವಾದ ಮಂಚ ಒಂದಾದ್ರೂ ಇರಲ್ವಾ? ನಾಯೀದೇ ಒಂದ್ ಇರುತ್ತೆ, ಹೋಗು" ಎಂದು ಧೈರ್ಯ ತುಂಬಿದ್ದಾಳೆ.

ಹಬ್ಬದ ಹಿಂದಿನ ಸಂಜೆ ನಮ್ಮೂರಿನಲ್ಲಿ, ಯೇಸುವನ್ನು ಹೆರಲು ಜಾಗ ಹುಡುಕುವ ಮರಿಯಳನ್ನೂ ಜೋಸೆಫನನ್ನೂ ಮನೆಮನೆಗೆ ಕರೆದೊಯ್ದು, ಬಾಗಿಲು ತಟ್ಟಿಸಿ, 'ಇಲ್ಲಿ ಜಾಗವಿಲ್ಲ' ಎನ್ನಿಸಿಕೊಳ್ಳುವ ಆಟ ಆಡುತ್ತೇವೆ. ಈ ವರ್ಷ ಅದನ್ನು ತಮ್ಮ ಗೇಟಿನಲ್ಲೇ ಆಡುವುದೆಂದು ಊರು ತೀರ್ಮಾನಿಸಿದೆ. ಮರಿಯಳ ಪಾತ್ರಕ್ಕೆ ಹೊಟ್ಟೆಗೆ ದಿಂಬು ಕಟ್ಟುವ ಅಗತ್ಯವಿಲ್ಲ. ಬಾಗಿಲು ತೆರೆಯುವವರ ಪಾತ್ರವನ್ನು ತಮಗೇ ಬಿಟ್ಟಿದ್ದೇವೆ, ಮಾತುಗಳನ್ನು ತಾವೇ ಆರಿಸಿಕೊಳ್ಳಬಹುದು.

ಇಂತಿ ತಮ್ಮ ವಿಶ್ವಾಸಿಯೂ, ಈಗ ಬಂಧುವೂ ಆದ
ಕ್ರಿಸಾಂತಾ ಮಗ್ಬಾನುವಾ

ಮರೆತ ಮಾತು: ಬಿಟ್ಟುಹೋದ ತಮ್ಮ ಪ್ರತಿಕೃತಿಯನ್ನು ಡಾಕ್ಟರ್ ಅಬ್ರೆನಿಕಾ ನಾಲ್ಕು ಎಣ್ಣೆಡಬ್ಬಿಗಳ ಮೇಲೆ ಅಡ್ಡ ಮಲಗಿಸಿ ಹನ್ನೊಂದನೆಯ ಮಂಚ ಮಾಡಿದ್ದಾರೆ, ಕಾಲು ಮುರಿದ ಬೆಸ್ತನೊಬ್ಬ ಅದರಿಂದ ಏಳಲು ಒಪ್ಪುತ್ತಿಲ್ಲ. ಇಷ್ಟು ವರ್ಷಗಳಲ್ಲಿ ತಾವು ಖುದ್ದಾಗಿ ನಮ್ಮ ಭಾರ ಹೊತ್ತದ್ದು ಇದೇ ಮೊದಲು. ಆದರೆ ಜ್ಞಾನಸ್ನಾನದ ನೀರಿಗೆ ತಮ್ಮ ನಗು ಉಬ್ಬಿಕೊಂಡು ರೋಗಿಯ ಸೊಂಟಕ್ಕೆ ಒತ್ತುತ್ತಿದೆ. ಉಳಿದ ಎಂಬತ್ತೊಂಬತ್ತನ್ನು ಕಳುಹಿಸುವಾಗ, ದಯವಿಟ್ಟು ಬಾಯಿ ಮುಚ್ಚಿಕೊಂಡಿರುವ ಭಂಗಿಯವನ್ನೇ ಕಳುಹಿಸಬೇಕಾಗಿ ವಿನಂತಿ.