ಗೊಳಸಂಗಿಯಲ್ಲಿ ಮೊದಲು ಬಂದವನು

ಸೋಮನಿಂಗನನ್ನು ಹಾಳು ಮಾಡಿದ್ದು ಅವನ ಕಾಲಲ್ಲ, ಕುತ್ತಿಗೆ. ಸಿಂದಗಿಯ ದನದ ದವಾಖಾನೆಯಲ್ಲಿ ಗುಮಾಸ್ತನಾಗಿದ್ದ ಈ ಮೂವತ್ತಾರರ ಬ್ರಹ್ಮಚಾರಿಗೆ ಓಡುವಾಗ ಹಿಂದೆ ತಿರುಗಿ ನೋಡುವ ಚಟವಿತ್ತು. ಒಂಬತ್ತು ವರ್ಷದ ಹಿಂದೆ ನೌಕರರ ಗುಡ್ಡಗಾಡು ಓಟದಲ್ಲಿ ಎಲ್ಲರಿಗಿಂತ ಮುಂದಿದ್ದವನು ಕಡೆಯ ಹೊಲದಲ್ಲಿ ಒಮ್ಮೆ ತಿರುಗಿ ನೋಡಿದ. ನೋಡುತ್ತ ನೋಡುತ್ತಲೇ ತಿಪ್ಪೆಗುಂಡಿಗೆ ಬಿದ್ದ. ಎದ್ದು ಮೇಲೆ ಬರುವಷ್ಟರಲ್ಲಿ ಹದಿನೇಳು ಮಂದಿ ಮೂಗು ಮುಚ್ಚಿಕೊಂಡು ದಾಟಿ ಹೋಗಿದ್ದರು. ಅಂದಿನಿಂದ ಕಚೇರಿಯಲ್ಲಿ ಅವನ ಹೆಸರು ತಿಪ್ಪಿ ಸೋಮ್ಯಾ ಎಂದಾಯಿತು. ಅವನು ಬೂಟು ಬಿಚ್ಚಿ ಮಂಚದ ಕೆಳಗೆ ದೂಡಿದ.

ಸೋಲುವ ಭಯಕ್ಕೆ ತಿರುಗಿ ನೋಡುತ್ತಾನೆ ಎಂದು ಎಲ್ಲರೂ ತಿಳಿದಿದ್ದರು. ಅದು ಸುಳ್ಳು. ಮುಂದೆ ಒಬ್ಬನೇ ಓಡುವುದು ಅವನಿಂದ ಆಗುತ್ತಿರಲಿಲ್ಲ. ಬಾಡಿಗೆ ಕೋಣೆಯಲ್ಲಿ ಒಬ್ಬನೇ, ಖಾನಾವಳಿಯ ಮೂಲೆಯ ಬೆಂಚಿನಲ್ಲಿ ಒಬ್ಬನೇ. ಓಟದಲ್ಲೂ ಒಬ್ಬನೇ ಎಂದರೆ ಮನುಷ್ಯ ಎಷ್ಟು ತಾಳಿಯಾನು? ಹಿಂದೆ ಯಾರಾದರೂ ಬರುತ್ತಿದ್ದಾರಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದ, ಅಷ್ಟೆ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಲು ಯಾರಾದರೂ ಇದ್ದಿದ್ದರೆ ತಿರುಗಿ ನೋಡುವ ಪ್ರಸಂಗವೇ ಬರುತ್ತಿರಲಿಲ್ಲ.

ಈ ವರ್ಷ ಅದೇ ಓಟ ಮತ್ತೆ ಬಂದಾಗ ಹಿರಿಯ ಗುಮಾಸ್ತ ಶ್ರೀಶೈಲಪ್ಪ ಕೇಳದೆಯೇ ಸೋಮನಿಂಗನ ಹೆಸರು ಬರೆಸಿಬಿಟ್ಟ. ಸೋಮನಿಂಗ ಮೂರು ತಿಂಗಳು ನಸುಕಿನಲ್ಲಿ ಎದ್ದು ಊರ ಹೊರಗೆ ಓಡಿದ. ಕಾಲು ಮಾತು ಕೇಳಿತು, ಮನಸ್ಸು ಕೇಳಲಿಲ್ಲ. ಓಡುವುದರಲ್ಲಿ ಮೊದಲಿದ್ದ ರುಚಿಯೇ ಹೋಗಿತ್ತು. ಪಕ್ಕದ ಮನೆಯ ಗುಂಡವ್ವ ದಿನಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಯಾಕೋ ಸೋಮನಿಂಗಾ, ಯಾರು ಬೆನ್ನ ಹತ್ಯಾರೋ?"

"ಯಾರೂ ಇಲ್ಲಬೇ."

"ಮತ್ತ ಯಾಕ ಓಡ್ತಿ? ಮೊದಲ ಲಗ್ನಾ ಮಾಡ್ಕೋ, ಆಮ್ಯಾಲ ಓಡೂದು ಇದ್ದ ಐತಿ."

ಅವನು ತನ್ನೊಳಗೇ ಒಂದು ಕರಾರು ಮಾಡಿಕೊಂಡ. ಈ ಸಲ ತಿರುಗಿ ನೋಡದೆ, ಖುಷಿಯಿಂದ ಕೊನೆ ಮುಟ್ಟಿದರೆ ಸರಿ. ಇಲ್ಲದಿದ್ದರೆ ಬೂಟು ಯಾರಿಗಾದರೂ ಕೊಟ್ಟು ಓಟದ ಸುದ್ದಿಯನ್ನೇ ಬಿಡುವುದು.

ಹೀಗಾಗಿ ಜನವರಿಯ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಗೊಳಸಂಗಿಯ ಬಯಲಿನಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ನಲವತ್ಮೂರು ನೌಕರರು ಚಳಿಗೆ ಕೈ ಉಜ್ಜುತ್ತ ನಿಂತಿದ್ದರು. ಹೆಸರು ಗುಡ್ಡಗಾಡು ಓಟ. ಸುತ್ತ ಕಣ್ಣು ಹಾಯಿಸಿದಷ್ಟೂ ಎರೆಹೊಲ, ಗುಡ್ಡ ಎಂದರೆ ಪೆಂಡಾಲಿನ ಹಿಂದೆ ಸುರಿದ ಜಲ್ಲಿಕಲ್ಲು ಮಾತ್ರ. ಎಂಟು ಕಿಲೋಮೀಟರು ಹೊಲದ ಬದುವಿನಲ್ಲಿ ಸುತ್ತಿ ಇಲ್ಲಿಗೇ ವಾಪಸು ಬರಬೇಕು. ಅರ್ಧ ದಾರಿಯಲ್ಲಿ ಕುರಿಗಾಹಿ ಮುದುಕಿ ಶೇವಂತೆವ್ವ ಬಣ್ಣದ ಡಬ್ಬಿ ಇಟ್ಟುಕೊಂಡು ಕೂತಿರುತ್ತಾಳೆ. ಅವಳಿಂದ ಅಂಗೈಗೆ ಗುರುತು ಹಾಕಿಸಿಕೊಳ್ಳದವನು ಅಡ್ಡದಾರಿ ಹಿಡಿದವನು ಎಂದು ಲೆಕ್ಕ.

ಶ್ರೀಶೈಲಪ್ಪ ಸೋಮನಿಂಗನ ಭುಜ ಹಿಡಿದು ಅಲುಗಾಡಿಸಿದ. "ನೋಡ್ ಸೋಮ್ಯಾ, ಯಾರರ ಕೂಗಲಿ, ಸೀಟಿ ಊದಲಿ, ಆಕಾಶನ ಕಳಚಿ ಬೀಳಲಿ. ತಿರುಗಿ ನೋಡಿದ್ಯೋ, ನಾಳಿ ಕಚೇರಿಗೆ ಬರಬ್ಯಾಡ."

"ನೋಡಂಗಿಲ್ರಿ."

"ನಿನ್ನ ಕುತ್ತಗಿ ಆಣಿ ಮಾಡು."

ಸೋಮನಿಂಗ ಕುತ್ತಿಗೆ ಮುಟ್ಟಿ ಆಣೆ ಮಾಡಿದ.

ಓಟದ ಉಸ್ತುವಾರಿ ರಾವಸಾಬರದು. ಇಪ್ಪತ್ತು ವರ್ಷ ಸೈನ್ಯದಲ್ಲಿದ್ದು ಬಂದವರು. ಅವರ ಮನೆಯ ಕೋಳಿ ಕೂಡ ಹೊತ್ತಿಗೆ ಸರಿಯಾಗಿ ಕೂಗುತ್ತದೆ ಎಂದು ಊರಿನ ಮಾತು. "ಮುಖ್ಯ ಅತಿಥಿಗಳು ಇನ್ನೂ ಬಂದಿಲ್ರಿ," ಎಂದು ಯಾರೋ ಅವರ ಕಿವಿಯಲ್ಲಿ ಉಸುರಿದರು. "ಏಳು ಬಡದೈತಿ. ಅಷ್ಟ ಸಾಕು," ಎಂದವರೇ ಸೀಟಿ ಊದಿಬಿಟ್ಟರು.

ಸೋಮನಿಂಗ ಕವಣೆಯ ಕಲ್ಲಿನಂತೆ ಹೊರಟ. ಮೊದಲ ಹೊಲ ದಾಟುವಷ್ಟರಲ್ಲಿ ಎಲ್ಲರಿಗಿಂತ ಮುಂದಿದ್ದ. ಹಿಂದಿನಿಂದ ಸೀಟಿಯ ಮೇಲೆ ಸೀಟಿ ಕೇಳಿಸಿತು. "ಏ ಸೋಮ್ಯಾ! ಏ ಸೋಮ್ಯಾ!" ಎಂಬ ಕೂಗೂ ಕೇಳಿಸಿತು. ತನ್ನ ಹೆಸರು ಹಿಡಿದು ಯಾರೋ ಹುರಿದುಂಬಿಸುತ್ತಿದ್ದಾರೆ ಎಂದು ಅವನ ಎದೆ ಉಬ್ಬಿತು. ಇಷ್ಟು ವರ್ಷದಲ್ಲಿ ಇದೇ ಮೊದಲು. ಕುತ್ತಿಗೆ ತಿರುಗಲು ತವಕಿಸಿತು. ಅವನು ಹಲ್ಲು ಕಚ್ಚಿ ಇನ್ನೂ ಜೋರಾಗಿ ಓಡಿದ.

ತೊಗರಿ ಕೊಯ್ದ ಹೊಲದ ಕೂಳೆ ಚುಚ್ಚಿತು. ಕುಸುಬೆಯ ಸಾಲು ಮೊಣಕಾಲು ಗೀಚಿತು. ಕಡಲೆಗಿಡದ ಹುಳಿ ಇಬ್ಬನಿ ಗೀಚಿದ ಜಾಗಕ್ಕೆ ತಾಗಿ ಚುರ್ ಎಂದಿತು. ಆದರೆ ಜೋಳದ ತೆನೆಗಳ ಮೇಲೆ ಬಿಸಿಲು ಇಳಿಯುತ್ತಿದ್ದಂತೆ ಅವನ ಉಸಿರು ಹದಕ್ಕೆ ಬಂತು. ಹಿಂದೆ ನಲವತ್ತೆರಡು ಮಂದಿ ಬರುತ್ತಿದ್ದಾರೆ ಎಂದು ನೆನೆದ. ನೋಡುವುದೇಕೆ, ಇದ್ದೇ ಇದ್ದಾರಲ್ಲ! ನಲವತ್ತೆರಡು ಮಂದಿ ಒಟ್ಟಿಗೆ ತನ್ನ ಜೊತೆ ಹೊರಟಿದ್ದಾರೆ, ತಾನು ಹೋದ ದಾರಿಯಲ್ಲೇ ಬರುತ್ತಿದ್ದಾರೆ. ಅವನಿಗೆ ನಗು ಬಂತು. ಒಂಬತ್ತು ವರ್ಷದಿಂದ ಎಲ್ಲೋ ಕಳೆದಿದ್ದ ಖುಷಿ ಅಂಗಾಲಿನಿಂದ ಏರುತ್ತ ಬಂತು.

ಬೇವಿನ ಮರದ ಕೆಳಗೆ ಶೇವಂತೆವ್ವ ಕುರಿಗಳ ನಡುವೆ ಕೂತಿದ್ದಳು.

"ಒಬ್ಬನ ಬಂದ್ಯಾ?"

"ಉಳಿದಾವ್ರು ಹಿಂದ ಬರಾಕತ್ತಾರಬೇ."

ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ದೂರ ನೋಡಿದಳು. "ಒಂದು ಪಿಳ್ಳಿನೂ ಕಾಣವಲ್ದಲ್ಲೋ."

ಅಷ್ಟು ಹಿಂದೆ ಬಿಟ್ಟುಬಂದೆನೇ! ಸೋಮನಿಂಗ ಕುಣಿಯುವುದೊಂದು ಬಾಕಿ. ಅವಳು ಅಂಗೈ ತುಂಬ ಕೆಂಪು ಬಳಿದಳು. "ಕುರಿಗೆ ಹಚ್ಚೂ ಬಣ್ಣಪಾ ಇದು, ಎಂಟು ದಿನಾ ಹೋಗಂಗಿಲ್ಲ." ಅವನು ನಗುತ್ತಲೇ ಓಡಿದ.

ಕೊನೆಯ ಹೊಲ, ಕೊನೆಯ ಬದು, ಅಗೋ ಪೆಂಡಾಲು. ಅವನು ತಿರುಗಿ ನೋಡಲೇ ಇಲ್ಲ. ಎರಡೂ ಕೈ ಮೇಲೆತ್ತಿ ಸುಣ್ಣದ ಗೆರೆ ದಾಟಿದ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಅವನಿಗೆ ಬೆನ್ನು ಮಾಡಿ ನಿಂತಿದ್ದರು. ವೇದಿಕೆಯ ಮೇಲೆ ಶಾಲು ಹೊದ್ದ ಮುಖ್ಯ ಅತಿಥಿಗಳು, "ಕೊನೆಯದಾಗಿ ಇನ್ನೆರಡು ಮಾತು," ಎನ್ನುತ್ತಿದ್ದರು. ಅವರ ಮುಂದೆ ನಲವತ್ತೆರಡು ಓಟಗಾರರು ಸಾಲಾಗಿ ನಿಂತು ಆಕಳಿಸುತ್ತಿದ್ದರು. ಒಬ್ಬನ ಮೈಯಲ್ಲೂ ಬೆವರಿರಲಿಲ್ಲ.

ಆಗಿದ್ದಿಷ್ಟು. ಸೀಟಿ ಊದಿ ಎರಡು ನಿಮಿಷಕ್ಕೆ ಅತಿಥಿಗಳ ಕಾರು ಬಂತು. ಅವರು ಹಸಿರು ಬಾವುಟ ಬೀಸದ ಓಟ ಓಟವೇ ಅಲ್ಲ ಎಂದು ಸಮಿತಿಯವರು ಹೌಹಾರಿ ಎಲ್ಲರನ್ನೂ ವಾಪಸು ಕರೆಸಿದರು. ಹಾರ, ಶಾಲು, ಸ್ವಾಗತ, ಭಾಷಣ ಎಲ್ಲ ಸಾಂಗವಾಗಿ ನಡೆಯುತ್ತಿತ್ತು. ನಲವತ್ಮೂರರಲ್ಲಿ ಒಬ್ಬ ಕಡಿಮೆಯಾದದ್ದನ್ನು ಯಾರೂ ಎಣಿಸಿರಲಿಲ್ಲ.

"ಎಲ್ಲಿ ಹಾಳಾಗಿದ್ದೋ?" ಎಂದು ಶ್ರೀಶೈಲಪ್ಪ ಪಿಸುಗುಟ್ಟಿದ. "ಕೂಗಿ ಕೂಗಿ ಗಂಟಲಾ ಹರೀತು. ಆಮ್ಯಾಲ ಕಾಣಲಿಲ್ಲ, ತಂಬಿಗಿ ತಗೊಂಡು ಹೋಗಿರಬೇಕಂತ ಸುಮ್ಮನಾದೆ. ಹೋಗು, ಸಾಲಿನ್ಯಾಗ ನಿಂದ್ರು."

"ನಾ ಓಡಿ ಬಂದೀನ್ರಿ! ಪೂರಾ ಎಂಟು ಕಿಲೋಮೀಟರ್! ನೋಡ್ರಿಲ್ಲೆ!" ಸೋಮನಿಂಗ ರಾವಸಾಬರ ಮುಂದೆ ಕೆಂಪು ಅಂಗೈ ಹಿಡಿದ.

ರಾವಸಾಬರು ಅಂಗೈಯನ್ನು ಬಾಂಬಿನಂತೆ ಪರೀಕ್ಷಿಸಿದರು. "ಓಟಾನ ಚಾಲೂ ಆಗಿಲ್ಲ, ಬಣ್ಣಾ ಹೆಂಗ ಬಂತು? ಮೊದಲ ಹಚ್ಕೊಂಡು ಬಂದಿಯೇನು?"

"ಆ ಆಯಿನ್ನ ಕೇಳ್ರಿ ಬೇಕಾದ್ರ!"

"ಹಂಗಾದ್ರ ಬಾವುಟಾ ಬೀಸೂದ್ರೊಳಗ ಓಡಿದಿ. ಎರಡರಾಗ ಯಾವುದು ಖರೆ ಆದ್ರೂ ನೀ ಹೊರಗ."

"ಸೀಟಿ ನೀವ ಊದಿದ್ರೆಲ್ರಿ?"

"ಊದೀನಿ, ಖರೆ. ಆದ್ರ ಅದು ಈಗ ನಡಿಯಂಗಿಲ್ಲ," ಎಂದು ರಾವಸಾಬರು ಮೆಲ್ಲಗೆ ಅವನ ಎದೆಯ ನಂಬರು ಬಿಚ್ಚಿಕೊಂಡರು. ವೇದಿಕೆಯತ್ತ ಮುಖ ಮಾಡಿ ನಿಂತ ಓಟಗಾರರಿಗೆ ಭಾಷಣದ ಗದ್ದಲದಲ್ಲಿ ಇದೊಂದೂ ಕೇಳಿಸಲಿಲ್ಲ.

ಬಾವುಟ ಬೀಸಿದ್ದಾಯಿತು, ಕ್ಯಾಮೆರಾ ಮಿಂಚಿತು, ನಲವತ್ತೆರಡು ಮಂದಿ ಹೊರಟರು. ಅತಿಥಿಗಳ ಕಾರೂ ಹೊರಟಿತು. ಶ್ರೀಶೈಲಪ್ಪ ಉಪ್ಪಿಟ್ಟಿನ ಕಡೆ ಹೋಗುತ್ತ, "ಹೆಂಗೂ ಖಾಲಿ ಕುಂತಿ, ಇವರ ಚಪ್ಪಲಿ ನೋಡ್ಕೋ. ನಾಯಿ ಒಯ್ದಾವು," ಎಂದ.

ಬಯಲಿನಲ್ಲಿ ನಲವತ್ತೆರಡು ಜೊತೆ ಚಪ್ಪಲಿಗಳ ನಡುವೆ ಸೋಮನಿಂಗ ಒಬ್ಬನೇ ಕೂತ. ಜೀವಮಾನದಲ್ಲಿ ಎಂದೂ ಅಷ್ಟು ಚಂದ ಓಡಿರಲಿಲ್ಲ. ಅದನ್ನು ಕಂಡದ್ದು ಆ ಮುದುಕಿ ಮತ್ತು ಅವಳ ಕುರಿಗಳು ಮಾತ್ರ. ಹಿಂದೆ ನಲವತ್ತೆರಡು ಮಂದಿ ಇದ್ದಾರೆ ಎಂದು ನಕ್ಕದ್ದು ನೆನಪಾಯಿತು. ಬೂಟಿನ ದಾರ ಬಿಚ್ಚತೊಡಗಿದ.

ಮೂವತ್ತೈದು ನಿಮಿಷಕ್ಕೆ ಇಂಡಿಯ ಭೂಮಾಪನ ಕಚೇರಿಯ ಎಳೆಯ ಗುಮಾಸ್ತ ಅನಿಲಕುಮಾರ ಏದುಸಿರು ಬಿಡುತ್ತ ಬಂದು ಗೆರೆ ದಾಟಿದ. ರಾವಸಾಬರು ಶಹಭಾಸ್ ಎಂದು ಬೆನ್ನು ತಟ್ಟಿದರು. ಹುಡುಗನ ಮುಖದಲ್ಲಿ ಮಾತ್ರ ಗೆದ್ದ ಕಳೆಯೇ ಇರಲಿಲ್ಲ. ಅವನು ತೂರಾಡುತ್ತ ಚಪ್ಪಲಿಗಳ ಹತ್ತಿರ ಬಂದು ಕುಸಿದ.

"ಅಣ್ಣಾ, ಅಂವ ಎಲ್ಲದಾನ?"

"ಯಾರೋ?"

"ನನ್ನ ಮುಂದ ಹೋದಾಂವ. ಬಣ್ಣಾ ಹಚ್ಚೂಮುಂದ ಆಯಿ ಹೇಳಿದ್ಲು, ನೀ ಎರಡನೇದಾಂವ, ಮೊದಲನೇದಾಂವ ಚಿಗರಿ ಹಾರಿದಂಗ ನಕ್ಕೋತ ಹೋದಾ ಅಂತ. ಅವನ್ನ ಹಿಡೀಬೇಕಂತ ಅಲ್ಲಿಂದ ಇಲ್ಲೀತನಾ ಜೀವಾ ಬಿಟ್ಟು ಬೆನ್ನ ಹತ್ತೀನಿ. ಧೂಳನೂ ಕಾಣಲಿಲ್ಲ. ಇಲ್ಲಿ ನೋಡಿದ್ರ ನೀನ ಫಸ್ಟ್ ಅಂತಾರ. ನನಗ್ಯಾಕೋ ಖರೆ ಅನ್ಸವಲ್ದು."

ಸೋಮನಿಂಗ ಕೆಂಪು ಅಂಗೈ ಮುಷ್ಟಿ ಮಾಡಿ ತೊಡೆಯ ಕೆಳಗೆ ಇಟ್ಟುಕೊಂಡ. ನಾಲ್ಕು ಕಿಲೋಮೀಟರು ಒಬ್ಬ ಮನುಷ್ಯ ತನ್ನ ಬೆನ್ನ ಹಿಂದೆ ಓಡಿದ್ದ. ಹೇಳಿಬಿಡಲು ಬಾಯಿ ತೆರೆದ. ಹುಡುಗನ ನಡುಗುವ ಕಾಲು ನೋಡಿ ಮುಚ್ಚಿದ. ಬಿಚ್ಚಿದ ದಾರವನ್ನು ಮತ್ತೆ ಬಿಗಿದು ಗಂಟು ಹಾಕಿದ.

"ಮುದುಕಿಗೆ ಕಣ್ಣು ಕಾಣಂಗಿಲ್ಲೋ ತಮ್ಮಾ. ಫಸ್ಟ್ ನೀನ," ಎಂದ. "ನಿನ್ನ ಚಪ್ಪಲಿ ಯಾವು ಹೇಳು, ಕೊಡ್ತೇನಿ."