ಊಟಕ್ಕೆ ಕರೆದ ಪುಸ್ತಕ

ಅಡುಗೆ ಮಾಡುವುದು ಕಷ್ಟವಲ್ಲ. ಅಡುಗೆ ಪುಸ್ತಕ ಬರೆಯುವುದು ಅದಕ್ಕಿಂತ ಸುಲಭ, ಯಾಕೆಂದರೆ ಪುಸ್ತಕದಲ್ಲಿ ತಳ ಹತ್ತುವುದಿಲ್ಲ. ಆದರೆ ಅದನ್ನು ಮಾರುವ ಕಷ್ಟವಿದೆಯಲ್ಲ, ಅದು ನನ್ನ ಓರಗಿತ್ತಿಗೂ ಬೇಡ. ಅವಳ ಮೇಲೆ ನನಗೆ ಅಂಥ ಪ್ರೀತಿಯೇನೂ ಇಲ್ಲ, ಆದರೂ ಬೇಡ.

ಈ ಹುಚ್ಚು ಹತ್ತಿದ್ದು ನಮ್ಮ ನೆಂಟರ ವಾಟ್ಸಾಪ್ ಗುಂಪಿನಿಂದ. ಒಂದು ಮಳೆಗಾಲ ಕಳಲೆ ಪಲ್ಯ ಮಾಡುವ ಕ್ರಮ ಬರೆದು ಹಾಕಿದೆ. ಎಳೆ ಬಿದಿರನ್ನು ಹೇಗೆ ಹೆಚ್ಚಬೇಕು, ನೀರು ಯಾಕೆ ಬದಲಿಸಬೇಕು ಎಂದೆಲ್ಲ ವಿವರವಾಗಿ. ಗುಂಪಿಡೀ ಕೈ ಮುಗಿಯುವ ಚಿತ್ರಗಳು. ಆಲೂರಿನ ನನ್ನ ಚಿಕ್ಕಮ್ಮನ ಸೊಸೆ, "ಅಕ್ಕ, ನೀವೊಂದು ಪುಸ್ತಕ ಮಾಡ್ಬೇಕು" ಅಂದಳು. ಅಂದವಳು ಮಾರನೆಯ ದಿನ ಮರೆತಳು. ನಾನು ಮರೆಯಲಿಲ್ಲ. ಅಲ್ಲಿಂದ ಮುಂದೆ ನಮ್ಮನೆಯಲ್ಲಿ ಬಿಸಿ ಅಡುಗೆ ಯಾರಿಗೂ ಸಿಗಲಿಲ್ಲ, ನಾನು ಬರೆದುಕೊಂಡು ಬಡಿಸುವಷ್ಟರಲ್ಲಿ ಆರಿಹೋಗುತ್ತಿತ್ತು.

ಅಚ್ಚು ಹಾಕಿದವರು ಸಕಲೇಶಪುರದ ಪ್ರೆಸ್ಸಿನ ಚಂದ್ರಪ್ಪನವರು. ಅವರು ಜೀವಮಾನವಿಡೀ ಲಗ್ನಪತ್ರಿಕೆ ಹಾಕಿದವರು. ಅಭ್ಯಾಸಬಲದಿಂದ ನನ್ನ ಪುಸ್ತಕದ ಮೊದಲ ಪುಟದ ನೆತ್ತಿಯ ಮೇಲೆ ಗಣಪತಿಯನ್ನು ಕೂರಿಸಿದ್ದರು. ದೇವರನ್ನು ಎಬ್ಬಿಸುವುದು ಹೇಗೆಂದು ನಾನೂ ಸುಮ್ಮನಾದೆ. ಆಮೇಲೆ, "ಅಮ್ಮ, ಕೊನೇಲಿ ‘ತಮ್ಮ ಆಗಮನಾಭಿಲಾಷಿಗಳು’ ಅಂತ ಹಾಕ್ಲಾ?" ಎಂದು ಕೇಳಿದರು. "ಇದು ಮದುವೆ ಅಲ್ಲ ಚಂದ್ರಪ್ಪೋರೆ, ಪುಸ್ತಕ" ಎಂದು ಗದರಿದೆ. ಆ ಗದರಿಕೆಗೆ ನನಗೆ ಯಾವ ಅರ್ಹತೆಯೂ ಇರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು.

ಪುಸ್ತಕದ ಗಂಟುಗಳು ಬಂದವು. ಇಡಲು ಜಾಗವೆಂದರೆ ಕಾಫಿ ಸ್ಟೋರ್ ಒಂದೇ, ಮಳೆಗಾಲದಲ್ಲಿ ಅದು ಖಾಲಿ. ನಮ್ಮವರು ಗಂಟುಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಹಣ್ಣು ಕುಯ್ಯೋ ಹೊತ್ಗೆ ಸ್ಟೋರ್ ಖಾಲಿಯಾಗ್ಬೇಕು ಕಣೆ. ಇಲ್ದಿದ್ರೆ ಬಾಳ್ಳುಪೇಟೆ ಬೋಂಡದಂಗಡಿಗೆ ತೂಕಕ್ಕೆ ಹಾಕ್ಬುಡ್ತೀನಿ" ಅಂದರು. "ಒಂದು ಪುಸ್ತಕಾನೂ ಪುಕ್ಕಟೆ ಕೊಡಲ್ಲ, ಎಲ್ಲಾ ಮಾರಿ ತೋರಿಸ್ತೀನಿ" ಎಂದು ನಾನೂ ಪಂಥ ಕಟ್ಟಿದೆ. ಬೋಂಡದಂಗಡಿಯವನಿಗೆ ಈ ಸುದ್ದಿ ಯಾರು ಮುಟ್ಟಿಸಿದರೋ, ನಾನು ಬಸ್ಸಿಗೆ ಕಾಯುತ್ತಿದ್ದಾಗ ಬಹಳ ವಿನಯದಿಂದ, "ಅಕ್ಕಾರೆ, ಕಾಗ್ದ ಎಣ್ಣೆ ಹೀರ್ತದಾ?" ಎಂದು ವಿಚಾರಿಸಿದ. ನನ್ನ ಪುಸ್ತಕದ ಬಗ್ಗೆ ಬಂದ ಮೊದಲ ವಿಮರ್ಶೆ ಅದು.

ನೆಂಟರಿಗೆ ಮಾರೋಣವೆಂದರೆ, ನಮ್ಮಲ್ಲಿ ಮನೆಯವರ ಪುಸ್ತಕಕ್ಕೆ ದುಡ್ಡು ಕೊಡುವುದು ಅವಮಾನ. ಕೊಡುವವರಿಗಲ್ಲ, ಕೇಳುವವರಿಗೆ. ಚಿಕ್ಕಮ್ಮ ಪುಟ ತಿರುವಿ, "ಅಕ್ಕಿ ರೊಟ್ಟಿ ತಟ್ಟೋದಕ್ಕೂ ಪುಸ್ತಕ ಬೇಕೇನೇ? ಕೈ ಇಲ್ವಾ?" ಎಂದು ಕೆಳಗಿಟ್ಟರು. ಪುಸ್ತಕ ಮಾಡಬೇಕು ಅಂದಿದ್ದ ಅವರ ಸೊಸೆ ಆ ದಿನ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಕೊನೆಗೆ ಕೈ ಹಿಡಿದವಳು ಗೆಳತಿ ಸ್ಟೆಲ್ಲಾ. ಟೀಚರ್ ಕೆಲಸದಿಂದ ನಿವೃತ್ತಳಾಗಿ ದೋಣಿಗಲ್ಲಿನಲ್ಲಿ ಹೋಂಸ್ಟೇ ನಡೆಸುತ್ತಾಳೆ. "ಕೊಡು ಮಾರಾಯ್ತಿ ಇಲ್ಲಿ, ಬೆಂಗಳೂರಿನವರು ಊರಿಗೆ ಹೋಗುವಾಗ ಏನಾದರೂ ತಗೊಂಡು ಹೋಗಲೇಬೇಕು. ಮೆಣಸು, ಜೇನು, ಆಮೇಲೆ ನೀನು" ಎಂದು ಗಂಟೊಂದನ್ನು ಕಾರಿಗೆ ಹಾಕಿಸಿಕೊಂಡಳು. ಹದಿನೈದು ದಿನದಲ್ಲಿ ಮತ್ತೊಂದು ಗಂಟು ಬೇಕೆಂದು ಫೋನ್ ಬಂತು. ನಮ್ಮವರು ಎದುರಿಗೇ ಇದ್ದುದರಿಂದ ಸ್ಪೀಕರ್ ಹಾಕಿ ಮತ್ತೆ ಹೇಳಿಸಿದೆ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಮುನ್ನುಡಿಯನ್ನು ನಾನೇ ಬರೆದುಕೊಂಡಿದ್ದೆ. ಮುಗಿಸುವಾಗ ಕೈ ತಡೆಯದೆ, "ಈ ಕಡೆ ಬಂದಾಗ ನಮ್ಮ ಮನೆಗೆ ಬನ್ನಿ, ಊಟ ಮಾಡದೆ ಹೋಗಬೇಡಿ" ಎಂದು ಬರೆದು, ಹಾಲಿನ ಡೇರಿ ದಾಟಿದ ಮೇಲೆ ನೀಲಿ ಗೇಟು ಎಂದು ಗುರುತನ್ನೂ ಕೊಟ್ಟಿದ್ದೆ. ನಮ್ಮ ಕಡೆ ಇದು ಮಾತೇ ಅಲ್ಲ, ಉಸಿರು. ಕರೆಂಟಿನ ಮೀಟರ್ ನೋಡಲು ಬಂದವರಿಗೂ ನಾವು "ಊಟ ಮಾಡ್ಕೊಂಡು ಹೋಗಿ" ಅನ್ನುತ್ತೇವೆ. ಅವರು ಹಸಿದು ಕಣ್ಣು ಕತ್ತಲೆ ಬರುತ್ತಿದ್ದರೂ "ಈಗ್ತಾನೆ ಆಯ್ತು ಕಣಮ್ಮ" ಅನ್ನುತ್ತಾರೆ. ಎರಡೂ ಕಡೆಯ ಮರ್ಯಾದೆ ಉಳಿಯುತ್ತದೆ, ಅನ್ನವೂ ಉಳಿಯುತ್ತದೆ. ಬೆಂಗಳೂರಿನಲ್ಲಿ ಈ ಎರಡನೆಯ ಮಾತು ಬಳಕೆಯಲ್ಲಿಲ್ಲ ಎಂದು ನನಗೇನು ಗೊತ್ತು?

ಒಂದು ಭಾನುವಾರ ನೀಲಿ ಗೇಟಿನ ಮುಂದೆ ಕಾರು ನಿಂತಿತು. ಗಂಡ, ಹೆಂಡತಿ, ಒಬ್ಬರು ಅಜ್ಜಿ, ಒಂದು ಮಗು. ಹೆಂಡತಿಯ ಕೈಯಲ್ಲಿ ನನ್ನ ಪುಸ್ತಕ. ನಾನು ನೈಟಿಯ ಮೇಲೆ ಟವೆಲ್ ಹೊದ್ದು ಕೋಳಿ ಓಡಿಸುತ್ತಿದ್ದೆ. "ಮೇಡಂ ನೀವೇನಾ? ಊಟ ಮಾಡದೆ ಹೋಗಬೇಡಿ ಅಂದಿದ್ರಲ್ಲ, ಅದಕ್ಕೇ ಬಂದ್ವಿ" ಎಂದಳು ಆಕೆ. ಮನೆಯಲ್ಲಿದ್ದದ್ದು ಬೆಳಗಿನ ಉಪ್ಪಿಟ್ಟು. ಆದರೆ ಓದುಗರೊಬ್ಬರು ನನ್ನನ್ನು ಹುಡುಕಿಕೊಂಡು ಬಂದಿದ್ದಾರೆ! ನೆಲದಿಂದ ಒಂದು ಗೇಣು ಮೇಲೆ ಹೋದವಳು ಹಾಗೆಯೇ ಅಡುಗೆಮನೆಗೆ ಹೋಗಿ ಕಡುಬು ಬೇಯಿಸಿ, ಕಾಯಿಚಟ್ನಿ ರುಬ್ಬಿ, ತುಪ್ಪ ಸುರಿದು ಬಡಿಸಿದೆ. ತಿಂದರು, ಫೋಟೋ ತೆಗೆದರು, ಪರಿಚಯದವರಿಗೆಂದು ಇನ್ನಷ್ಟು ಪುಸ್ತಕ ಕೊಂಡು ಹೋದರು.

ಆ ಪರಿಚಯದವರು ಮುಂದಿನ ಭಾನುವಾರ ಬಂದರು.

ಹೀಗೆ ಭಾನುವಾರದಿಂದ ಭಾನುವಾರಕ್ಕೆ ಸ್ಟೋರಿನ ಗಂಟುಗಳು ಕರಗಿದವು, ಅದರ ಜೊತೆಗೆ ನಾನೂ. ಬಿಸಿಲೆ ಘಾಟಿ ನೋಡಿಕೊಂಡು ಬಂದವರು ಒದ್ದೆ ಬೂಟಿನಲ್ಲೇ ಜಗುಲಿ ಹತ್ತಿ, ಪುಟ ತೆರೆದು, "ಇದು ಇದೆಯಾ ಮೇಡಂ?" ಎಂದು ಬೆರಳಿಟ್ಟು ಕೇಳತೊಡಗಿದರು. ನಮ್ಮವರು ಎಲೆ ಕೊಯ್ದು ಕೊಯ್ದು ಹಿತ್ತಿಲ ಬಾಳೆಗಿಡಗಳು ಬೋಳಾದವು. "ನೀನು ಪುಸ್ತಕ ಮಾರ್ತಿಲ್ಲ ಕಣೆ, ಉಂಡೋರಿಗೆ ಪುಸ್ತಕ ಅಂಟಿಸಿ ಕಳಿಸ್ತಿದೀಯ" ಅಂದರು. ಸೋಲು ಹತ್ತಿರ ಬಂದವರ ಮಾತು ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಮ್ಮೆ ಮಾತ್ರ ಎದೆಗೆ ತಾಗಿತು. ಪತ್ರೊಡೆ ತಿನ್ನುತ್ತಿದ್ದ ಹುಡುಗಿಯೊಬ್ಬಳನ್ನು, "ಪುಸ್ತಕ ನೋಡಿ ಮನೇಲಿ ಏನೇನು ಮಾಡಿದೆಯಮ್ಮ?" ಎಂದು ಆಸೆಯಿಂದ ಕೇಳಿದೆ. ಅವಳು ಆಶ್ಚರ್ಯದಿಂದ, "ಮನೇಲಾ? ನೀವಿದೀರಲ್ಲ ಆಂಟಿ" ಅಂದಳು. ಆಮೇಲೆ ಬಂದವರನ್ನೆಲ್ಲ ಕೇಳಿ ನೋಡಿದೆ. ಒಬ್ಬರೂ ಒಲೆ ಹಚ್ಚಿರಲಿಲ್ಲ. ಒಂದು ವರ್ಷ ಕೂತು ಬರೆದ ಪುಸ್ತಕದಲ್ಲಿ ಜನ ಹೇಳಿದಂತೆ ಮಾಡಿ ನೋಡಿದ್ದು ಮುನ್ನುಡಿಯ ಆ ಕೊನೆಯ ಸಾಲೊಂದನ್ನೇ. ಅದು ಖಾತ್ರಿಯಾದ ರಾತ್ರಿ ನನಗೆ ಅಳು ಬಂತು, ಸೊಂಟ ನೋವಿಗೆ ಎಂದು ನಮ್ಮವರಿಗೆ ಹೇಳಿದೆ.

ಕಾಫಿ ಹಣ್ಣಾಗುವ ಮುಂಚೆಯೇ ಸ್ಟೋರ್ ಖಾಲಿಯಾಯಿತು. ಪಂಥ ಗೆದ್ದೆ. ಬೋಂಡದಂಗಡಿಯ ಮುಂದೆ ತಲೆಯೆತ್ತಿ ನಡೆದೆ. ಎರಡನೆಯ ಮುದ್ರಣಕ್ಕೆ ಚಂದ್ರಪ್ಪನವರಿಗೆ ಹೇಳಿ ಕಳಿಸುವಾಗ, "ಆ ಸಾಲು ಕಿತ್ತುಹಾಕಿ, ಗೇಟಿನ ಗುರುತೂ ಬೇಡ" ಎಂದು ಕಟ್ಟುನಿಟ್ಟಾಗಿ ತಿಳಿಸಿದೆ. ಪುಸ್ತಕ ಮುಗಿದಿದ್ದರಿಂದ ಜನ ಬರುವುದೂ ನಿಂತಿತು. ಯಾರೂ ಬಾರದ ಮೊದಲ ಭಾನುವಾರ ಯಾಕೋ ಅಕ್ಕಿ ಹೆಚ್ಚು ನೆನೆಹಾಕಿದ್ದೆ. ರಸ್ತೆಯಲ್ಲಿ ಕಾರಿನ ಸದ್ದಾದಾಗಲೆಲ್ಲ ಗೇಟಿನವರೆಗೆ ಹೋಗಿ, ಇಲ್ಲದ ಕೋಳಿ ಓಡಿಸಿ ಬಂದೆ. ಮಿಕ್ಕ ಕಡುಬನ್ನು ನಾವಿಬ್ಬರೂ ಮಂಗಳವಾರದವರೆಗೆ ತಿಂದೆವು.

ಬುಧವಾರ ಮಧ್ಯಾಹ್ನ ಚಂದ್ರಪ್ಪನವರು ಪ್ರೂಫ್ ಹಿಡಿದು ಬಂದರು. ಹೇಳಿದಂತೆಯೇ ಸಾಲು ಕಿತ್ತಿದ್ದರು. ಕಿತ್ತ ಜಾಗದಲ್ಲಿ ಮುನ್ನುಡಿ ತಟಕ್ಕನೆ ನಿಂತಿತ್ತು, ಬಂದವರ ಮುಖಕ್ಕೇ ಬಾಗಿಲು ಹಾಕಿದಂತೆ. ಸರಿ ಎಂದು ಸಹಿ ಹಾಕಿಕೊಟ್ಟೆ. ಅವರು ಎದ್ದು ಚಪ್ಪಲಿ ಮೆಟ್ಟಿದರು.

"ಊಟ ಮಾಡ್ಕೊಂಡು ಹೋಗಿ ಚಂದ್ರಪ್ಪೋರೆ."

"ಈಗ್ತಾನೆ ಆಯ್ತು ಕಣಮ್ಮ."

ಹುಟ್ಟಿದಂದಿನಿಂದ ಕೇಳಿದ ಮಾತು. ಆದರೆ ಆ ದಿನ ನನಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಒಳಗೆ ಹಿತಕಬೇಳೆ ಸಾರು ಘಮ್ಮೆಂದು ಕುದಿಯುತ್ತಿದೆ, ಈ ಮನುಷ್ಯನ ಹೊಟ್ಟೆ ಸಕಲೇಶಪುರ ಬಿಟ್ಟಾಗಿನಿಂದ ಖಾಲಿ ಎಂದು ಮುಖವೇ ಹೇಳುತ್ತಿದೆ. "ಪ್ರೂಫ್ ಕೊಡಿ ಇಲ್ಲಿ" ಎಂದು ಕಿತ್ತುಕೊಂಡೆ. ಕಿತ್ತಿದ್ದ ಸಾಲನ್ನು ಮತ್ತೆ ಬರೆದೆ, ನೀಲಿ ಗೇಟನ್ನೂ ಬರೆದೆ, ಅದರ ಕೆಳಗೆ ಹೊಸದಾಗಿ ಒಂದು ಸಾಲು ಸೇರಿಸಿದೆ: "ಬಂದವರು ‘ಈಗ್ತಾನೆ ಆಯ್ತು’ ಅನ್ನಬಾರದು."

ಚಂದ್ರಪ್ಪನವರು ಕನ್ನಡಕ ಏರಿಸಿ ಅದನ್ನು ನಿಧಾನವಾಗಿ ಓದಿದರು. ನನ್ನ ಮುಖ ನೋಡಿದರು. ಚಪ್ಪಲಿ ಬಿಟ್ಟು ಒಳಗೆ ಬಂದರು. ನಮ್ಮವರು ಕತ್ತಿ ತೆಗೆದುಕೊಂಡು, ಬೋಳು ಬಾಳೆಯಲ್ಲಿ ಎಲೆ ಹುಡುಕಲು ಹಿತ್ತಿಲಿಗೆ ಹೋದರು.